ಫ್ಲಾಪಿ ಎಸೆಯುವ ಮುಂಚೆ ಅದರ ಪೂರ್ತಿ ಇಮೇಜ್ ತೆಗೆಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು, ತೀರಿಹೋದ ತಂದೆಯವರ ಕಪಾಟಿನಲ್ಲಿ ಒಂದು ಡಬ್ಬಿ ತುಂಬ ಫ್ಲಾಪಿ ಸಿಕ್ಕಿವೆ, ಏನು ಮಾಡಲಿ ಎಂದು ಕೇಳಿದ್ದರು. ಆಮೇಲೆ ಎರಡು ಉತ್ತರ ಬಂದವು. ಒಬ್ಬರು ಇ-ಕಸಕ್ಕೆ ಹಾಕಿ ಎಂದರು. ಇನ್ನೊಬ್ಬರು ಆನ್‌ಲೈನಿನಲ್ಲಿ ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಗುತ್ತದೆ, ತರಿಸಿ, ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಿಕೊಳ್ಳಿ ಎಂದರು. ಆ ಓದುಗರು ಇವೆರಡರಲ್ಲಿ ಯಾವುದನ್ನೂ ಇನ್ನೂ ಮಾಡಿಲ್ಲ ಎಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಆದರೂ ಕತ್ತರಿಸದೆ ಹಾಕಿ ಎಂದು ವಿನಂತಿ. ಅರ್ಧ ತಿಳಿದು ಕೈ ಹಾಕಿದರೆ ಇರುವುದೂ ಹೋಗುವ ಕೆಲಸ ಇದು.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು. ಹುಡುಗರಿಗೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ, ಕಲಿಸುತ್ತಿದ್ದೆ. ನಿವೃತ್ತಿಯಾದ ಮೇಲೂ ಜನ ಫ್ಲಾಪಿ ಹಿಡಿದುಕೊಂಡು ಮನೆಗೆ ಬರುತ್ತಾರೆ. ಬರಹಗಾರರ ಮಕ್ಕಳು, ಸಣ್ಣ ಪ್ರೆಸ್ ನಡೆಸಿದವರು, ಹಳ್ಳಿ ಶಾಲೆಯ ಮಾಸ್ತರರು, ಹೀಗೆ. ಯಾರೂ ಆಟದ ಫ್ಲಾಪಿ ತಂದಿದ್ದಿಲ್ಲ. ತರುವುದೆಲ್ಲ ಕನ್ನಡದ ಬರಹವೇ.

1990ರ ದಶಕದಲ್ಲಿ ನಮ್ಮ ಕಡೆಯ ಪ್ರೆಸ್‌ಗಳು ಮೊಳೆ ಜೋಡಿಸುವುದನ್ನು ಬಿಟ್ಟು ಒಂದೊಂದಾಗಿ ಡಿಟಿಪಿಗೆ ಬಂದವು. ಅಲ್ಲಿಂದ ಸಿಡಿ ಅಗ್ಗವಾಗುವವರೆಗೆ ಕನ್ನಡದಲ್ಲಿ ಟೈಪಾದದ್ದು ಹೆಚ್ಚಾಗಿ ಫ್ಲಾಪಿಯಲ್ಲೇ ಓಡಾಡಿತು. ಅಚ್ಚಾದದ್ದು ಪುಸ್ತಕವಾಗಿ ಉಳಿದಿದೆ, ಅದರ ಚಿಂತೆ ಇಲ್ಲ. ಅಚ್ಚಾಗದೇ ನಿಂತದ್ದರ ಕಥೆ ಏನು? ದುಡ್ಡು ಸಾಲದೆ ಕೈಬಿಟ್ಟ ಕವನ ಸಂಕಲನ, ಊರಿನ ಬಯಲಾಟದ ಪ್ರತಿ, ಸ್ಮರಣ ಸಂಚಿಕೆಯಲ್ಲಿ ಜಾಗ ಸಿಗದೆ ಉಳಿದ ಲೇಖನ, ಊರೂರು ಸುತ್ತಿ ಬರೆದುಕೊಂಡ ಹಂತಿಪದ. ಇಂಥವಕ್ಕೆ ಎಷ್ಟೋ ಸಲ ಇನ್ನೊಂದು ಪ್ರತಿಯೇ ಇಲ್ಲ. ಕೈಬರಹದ ಹಾಳೆಗಳನ್ನು ‘ಕಂಪ್ಯೂಟರಿನಲ್ಲಿ ಹಾಕಿ ಆಯ್ತಲ್ಲ’ ಎಂದು ಮನೆಯವರು ರದ್ದಿಗೆ ಕೊಟ್ಟಿರುತ್ತಾರೆ. ಅದಕ್ಕೇ ನನಗೆ ಇದು ಸುಮ್ನೆ ಬಿಡುವ ವಿಷಯ ಅನ್ನಿಸುವುದಿಲ್ಲ.

ಮೊದಲು ಫ್ಲಾಪಿಯನ್ನೇ ಸ್ವಲ್ಪ ನೋಡೋಣ. ಎಲ್ಲರಿಗೂ ನೆನಪಿರುವ 3.5 ಇಂಚಿನದು ಹೀಗಿದೆ: ಒಳಗಿನ ತೆಳು ಹಾಳೆಗೆ ಎರಡು ಮಗ್ಗುಲು, ಒಂದೊಂದು ಮಗ್ಗುಲಲ್ಲಿ ಬಳೆಯಂಥ 80 ಸುತ್ತು, ಅಂದರೆ ಟ್ರ್ಯಾಕ್, ಒಂದೊಂದು ಟ್ರ್ಯಾಕಿನಲ್ಲಿ 18 ತುಂಡು, ಅಂದರೆ ಸೆಕ್ಟರ್, ಒಂದೊಂದು ಸೆಕ್ಟರಿನಲ್ಲಿ 512 ಬೈಟ್. ಗುಣಿಸಿದರೆ 14,74,560 ಬೈಟ್. ಅದಕ್ಕಿಂತ ಹಳೆಯ, ಬಾಗುವ 5.25 ಇಂಚಿನದರಲ್ಲಿ ಎರಡು ಬಗೆ ಜಾಸ್ತಿ ಸಿಗುತ್ತವೆ. ಒಂದರಲ್ಲಿ 12,28,800 ಬೈಟ್, ಇನ್ನೊಂದರಲ್ಲಿ 3,68,640. ಈ ಅಂಕಿ ಬರೆದಿಟ್ಟುಕೊಳ್ಳಿ. ಫ್ಲಾಪಿಯ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದನ್ನು ಇದ್ದ ಹಾಗೆ, ಇದ್ದ ಕ್ರಮದಲ್ಲೇ ಒಂದು ಫೈಲಿಗೆ ಇಳಿಸಿದರೆ ಅದನ್ನು ಇಮೇಜ್ ಎನ್ನುತ್ತೇವೆ. ಇಮೇಜ್ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಮೊದಲು ನೋಡಬೇಕಾದದ್ದು ಇದೇ ಅಂಕಿಯನ್ನು. ಒಂದು ಬೈಟ್ ಕಡಿಮೆ ಇದ್ದರೂ ಏನೋ ತಪ್ಪಿದೆ.

ಕಾಪಿ ಮಾಡಿಕೊಂಡರೆ ಸಾಲದಾ, ಇಮೇಜ್ ಯಾಕೆ ಎಂದು ಕೇಳುತ್ತಾರೆ. ಕಾಪಿ ಮಾಡಿದಾಗ ಪಟ್ಟಿಯಲ್ಲಿ ಹೆಸರಿರುವ ಫೈಲುಗಳು ಮಾತ್ರ ಬರುತ್ತವೆ. ಡಾಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಮತ್ತು ವಿಂಡೋಸ್‌ನಲ್ಲಿ ಒಂದು ಫೈಲನ್ನು ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಕೂರುತ್ತದೆ, ಆ ಜಾಗ ಖಾಲಿ ಎಂದು ದಾಖಲಾಗುತ್ತದೆ, ಅಷ್ಟೇ. ಬೇರೆ ಯಾವುದೂ ಅದರ ಮೇಲೆ ಬರೆಯದಿದ್ದರೆ ಒಳಗಿನ ಬರಹ ಹಾಗೇ ಕೂತಿರುತ್ತದೆ. ಒಂದು ಪದ್ಯದ ಹಳೆಯ ರೂಪ, ಸಂಪಾದಕರು ಹೊಡೆದುಹಾಕುವ ಮುಂಚಿನ ಪ್ಯಾರಾ ಸಿಗಬಹುದಾದ ಜಾಗ ಅದು. ಕಾಪಿಯಲ್ಲಿ ಅದು ಬರುವುದಿಲ್ಲ, ಇಮೇಜಿನಲ್ಲಿ ಬರುತ್ತದೆ.

ಇನ್ನೊಂದು ಕಾರಣ, ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿ ಬರೀ ತೆರೆದು ನೋಡುವುದೂ ಯಾವಾಗಲೂ ನಿರಪಾಯವಲ್ಲ. ವಿಂಡೋಸ್ 95 ಮತ್ತು 98, ಬರೆಯದಂತೆ ತಡೆ ಹಾಕದ ಫ್ಲಾಪಿ ಸಿಕ್ಕರೆ ಅದರ ಮೊದಲ ಸೆಕ್ಟರಿನಲ್ಲೇ ತಮ್ಮದೊಂದು ಗುರುತು ಬರೆಯುತ್ತಿದ್ದವು. ನಾವು ಏನೂ ಒತ್ತಿರುವುದಿಲ್ಲ, ಆದರೂ ಫ್ಲಾಪಿ ಬದಲಾಗಿರುತ್ತದೆ. ಇದಕ್ಕಿಂತ ಕೆಟ್ಟದ್ದು, ಮೊದಲ ಸೆಕ್ಟರ್ ಅರ್ಥವಾಗದಿದ್ದರೆ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲಾ’ ಎಂದು ಕೇಳುತ್ತದೆ. ನಮ್ಮೂರಿನ ಒಂದು ರಿಪೇರಿ ಅಂಗಡಿಯಲ್ಲಿ ಹುಡುಗನೊಬ್ಬ ಅದಕ್ಕೆ ‘ಹೌದು’ ಎಂದು ಒತ್ತಿ, ಇದ್ದದ್ದನ್ನೆಲ್ಲ ಅಳಿಸಿ, ‘ಈಗ ಫ್ಲಾಪಿ ಸರಿಯಾಯ್ತು ನೋಡ್ರಿ’ ಎಂದು ವಾಪಸ್ ಕೊಟ್ಟಿದ್ದ. ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದ ಹೆಣ್ಣುಮಗಳ ಮುಖ ನೋಡಿದ ಮೇಲೆ, ಅಂಗಡಿಗೆ ಕೊಡಿ ಎಂದು ಯಾರಿಗೂ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಬರೆಯದಂತೆ ತಡೆ ಹಾಕುವುದು. 3.5 ಇಂಚಿನದಾದರೆ ಮೂಲೆಯ ಪುಟ್ಟ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ, ತೂತು ಕಾಣುವ ಹಾಗೆ ಇಡಬೇಕು. 5.25 ಇಂಚಿನದರಲ್ಲಿ ಇದು ಉಲ್ಟಾ. ಅಂಚಿನಲ್ಲಿರುವ ಕಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿ ಮುಚ್ಚಬೇಕು. ಎರಡನ್ನೂ ಒಂದೇ ಎಂದುಕೊಂಡು ತೆರೆದಿಟ್ಟರೆ ತಡೆಯೇ ಇರುವುದಿಲ್ಲ. ಲೋಹದ ಮುಚ್ಚಳ ಸರಿಸಿ ಒಳಗಿನ ಹಾಳೆಯನ್ನೂ ಒಮ್ಮೆ ನೋಡಿ. ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆ, ಬಲೆ ಬಲೆಯಂಥದ್ದು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನಿಂದ ಬಂದ ಫ್ಲಾಪಿಗಳಲ್ಲಿ ಇದು ಸಾಮಾನ್ಯ. ಅಂಥದನ್ನು ಡ್ರೈವಿಗೆ ಹಾಕಲೇಬೇಡಿ. ಫ್ಲಾಪಿಯನ್ನು ಓದುವ ಡ್ರೈವಿನ ಹೆಡ್ಡಿಗೆ ಬೂಷ್ಟು ಮೆತ್ತಿಕೊಂಡು ಮುಂದಿನ ಫ್ಲಾಪಿಯನ್ನೂ ಗೀರುತ್ತದೆ.

ಇಮೇಜ್ ತೆಗೆಯಲು ಡ್ರೈವ್ ಒಂದಿದ್ದರೆ ಸಾಕು, ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಯುನಿಕ್ಸ್ ಜಾತಿಯ ಯಾವ ವ್ಯವಸ್ಥೆಯಲ್ಲಾದರೂ, ಇವತ್ತಿನ ಲಿನಕ್ಸ್ ಸೇರಿ, ಡಿಡಿ ಎಂಬ ಕಮಾಂಡ್ ಇರುತ್ತದೆ. ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು ಎಂದು ಎರಡು ಹೆಸರು ಕೊಟ್ಟರೆ ಬೈಟಿಗೆ ಬೈಟ್ ಇಳಿಸುತ್ತದೆ. ಆ ಎರಡು ಹೆಸರು ಅದಲುಬದಲಾದರೆ ಮಾತ್ರ ಅನಾಹುತ. ಎಂಟರ್ ಒತ್ತುವ ಮುಂಚೆ ಸಾಲನ್ನು ಬಾಯಿಬಿಟ್ಟು ಓದಿ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ಫ್ಲಾಪಿ ಹಳೆಯದಾಗಿ ಕೆಲವು ಸೆಕ್ಟರ್ ಓದಲು ಬರದಿದ್ದರೆ ಡಿಡಿಗಿಂತ ಗ್ನೂ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಒಳ್ಳೆಯದು. ಓದಲಾಗದ ಸೆಕ್ಟರ್ ಯಾವುವು ಎಂದು ಒಂದು ಪಟ್ಟಿ ಇಟ್ಟುಕೊಂಡು ಅದು ಮುಂದೆ ಹೋಗುತ್ತದೆ. ಆಮೇಲೆ ಅದೇ ಫ್ಲಾಪಿಯನ್ನು ಬೇರೆ ಡ್ರೈವಿಗೆ ಹಾಕಿ, ಉಳಿದ ಆ ಸೆಕ್ಟರುಗಳನ್ನಷ್ಟೇ ಓದಿಸಬಹುದು. ಒಂದು ಡ್ರೈವಿನ ಹೆಡ್ಡಿಗೆ ಕಾಣದ್ದು ಇನ್ನೊಂದರ ಹೆಡ್ಡಿಗೆ ಕಾಣುವುದುಂಟು. ಇಷ್ಟಾದ ಮೇಲೆ ಫ್ಲಾಪಿಯನ್ನು ಡಬ್ಬಿಗೆ ಹಾಕಿ ಎತ್ತಿಡಿ. ಮತ್ತೆ ಮುಟ್ಟುವ ಅಗತ್ಯ ಬರಬಾರದು.

ಈಗ ಕೈಯಲ್ಲಿ ಒಂದು ಇಮೇಜ್ ಇದೆ. ಅದು ಬರೀ ಒಂದು ಫೈಲು. ಒಳಗಿನ ಬರಹ ನೋಡುವುದು ಹೇಗೆ? ಇಲ್ಲಿ ಬರುತ್ತದೆ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ಯುನಿಕ್ಸಿನಲ್ಲಿ ಒಂದು ಡಿಸ್ಕಿನ ಒಳಗನ್ನು ನೋಡಬೇಕಾದರೆ ಅದನ್ನು ಮೌಂಟ್ ಮಾಡಬೇಕು, ಅಂದರೆ ಇರುವ ಡೈರೆಕ್ಟರಿಗಳಲ್ಲಿ (ಫೋಲ್ಡರುಗಳಲ್ಲಿ) ಯಾವುದೋ ಒಂದು ಜಾಗಕ್ಕೆ ತಂದು ಕೂಡಿಸಬೇಕು. ಮೌಂಟ್ ಆಗುವುದು ಡಿಸ್ಕಿನಂಥ ಸಾಧನ ಮಾತ್ರ, ಬರೀ ಫೈಲ್ ಅಲ್ಲ. ಹಳೆಯ ಯುನಿಕ್ಸ್‌ಗಳಲ್ಲಿ ಫೈಲನ್ನೇ ಡಿಸ್ಕ್ ಎಂದು ತೋರಿಸುವ ಸೌಕರ್ಯ ಎಲ್ಲ ಕಡೆ ಇರಲಿಲ್ಲ. ಆದರೆ ಹಲವು ಕಡೆ ರ‍್ಯಾಮ್ ಡಿಸ್ಕ್ ಡ್ರೈವರ್ ಇತ್ತು. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಭಾಗವನ್ನು ಬೇರೆ ಇಟ್ಟು, ‘ಇದೂ ಒಂದು ಡಿಸ್ಕ್’ ಎಂದು ಉಳಿದ ವ್ಯವಸ್ಥೆಗೆ ತೋರಿಸುವ ಸಣ್ಣ ಪ್ರೋಗ್ರಾಂ ಅದು. ಇಮೇಜನ್ನು ಡಿಡಿಯಿಂದ ಆ ರ‍್ಯಾಮ್ ಡಿಸ್ಕಿಗೆ ಸುರಿದು ಮೌಂಟ್ ಮಾಡಿದರೆ, ಎದುರಿಗೆ ನಿಜವಾದ ಫ್ಲಾಪಿಯೇ ಇದೆ ಎಂದು ವ್ಯವಸ್ಥೆ ನಂಬುತ್ತದೆ. ಅದೇ ಸೆಕ್ಟರ್, ಅದೇ ಕ್ರಮ, ಅದೇ ಪಟ್ಟಿ. ಡ್ರೈವ್ ತಿರುಗುವ ಸದ್ದಿಲ್ಲ, ಕಾಯುವುದಿಲ್ಲ.

ಇದು ಯಾರೋ ಅಡ್ಡದಾರಿಯಲ್ಲಿ ಕಂಡುಕೊಂಡ ಉಪಾಯವಲ್ಲ. ಕಂಪ್ಯೂಟರ್ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಅವರು ಪಾಠಕ್ಕೆಂದು ಬರೆದು 1987ರಲ್ಲಿ ಹೊರತಂದ ಮಿನಿಕ್ಸ್ ಎಂಬ ಯುನಿಕ್ಸ್ ಮಾದರಿಯ ಪುಟ್ಟ ವ್ಯವಸ್ಥೆ ಶುರುವಾಗುತ್ತಿದ್ದದ್ದೇ ಹೀಗೆ. ಅವತ್ತಿನ ಬಡ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರುತ್ತಿರಲಿಲ್ಲ, ಎಷ್ಟೋ ಸಲ ಫ್ಲಾಪಿ ಡ್ರೈವೂ ಒಂದೇ. ವ್ಯವಸ್ಥೆಯ ಮುಖ್ಯ ಫೈಲುಗಳಿರುವ ರೂಟ್ ಫ್ಲಾಪಿಯಲ್ಲಿದ್ದದ್ದನ್ನೆಲ್ಲ ಮೊದಲು ರ‍್ಯಾಮ್ ಡಿಸ್ಕಿಗೆ ಇಳಿಸಿಕೊಂಡರೆ ಡ್ರೈವ್ ಖಾಲಿಯಾಗಿ ಮುಂದಿನ ಫ್ಲಾಪಿಗೆ ಜಾಗ ಸಿಗುತ್ತಿತ್ತು. ಲಿನಕ್ಸ್ ಹುಟ್ಟಿದ ವರ್ಷವೇ, 1991ರ ಡಿಸೆಂಬರಿನಲ್ಲಿ, ಥಿಯೋಡೋರ್ ತ್ಸೊ ಎಂಬ ಪ್ರೋಗ್ರಾಮರ್ ಅದಕ್ಕೆ ರ‍್ಯಾಮ್ ಡಿಸ್ಕ್ ಡ್ರೈವರ್ ಬರೆದರು. ಆಗಲೂ ಉದ್ದೇಶ ಇದೇ, ಫ್ಲಾಪಿಯಲ್ಲಿದ್ದದ್ದನ್ನು ಮೆಮೊರಿಗೆ ತರುವುದು. ಫೈಲನ್ನೇ ಡಿಸ್ಕಾಗಿ ತೋರಿಸುವ ಲೂಪ್ ಡ್ರೈವರ್ 1993ರ ಮಾರ್ಚಿನದು. ಅದನ್ನು ಬರೆದವರೂ ಅವರೇ! ಇವತ್ತು ನಾವು ಲಿನಕ್ಸಿನಲ್ಲಿ ಫ್ಲಾಪಿ ಇಮೇಜ್ ತೆರೆಯುವ ಎರಡೂ ದಾರಿ ಮೊದಲು ತೆರೆದದ್ದು ಒಬ್ಬರ ಕೈಯಿಂದ ಎಂಬುದು ನನಗೆ ತುಂಬ ಹಿಡಿಸುವ ಸಂಗತಿ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಹಳೆಯ ಲಿನಕ್ಸ್ ಹಾಕಿದ ನೆನಪಿರಬಹುದು. ಕಂಪ್ಯೂಟರನ್ನು ಶುರು ಮಾಡುವ ಬೂಟ್ ಫ್ಲಾಪಿ ಓದಿದ ಮೇಲೆ ಪರದೆಯಲ್ಲಿ, ರೂಟ್ ಫ್ಲಾಪಿ ಹಾಕಿ ಎಂಟರ್ ಒತ್ತಿ, ಅದನ್ನು ರ‍್ಯಾಮ್ ಡಿಸ್ಕಿಗೆ ತುಂಬಿಕೊಳ್ಳುತ್ತೇನೆ ಎಂದು ಒಂದು ಸಾಲು ಬರುತ್ತಿತ್ತು. ಆ ಸಾಲಿನ ಹಿಂದೆ ಇದ್ದದ್ದು ಇದೇ ಡ್ರೈವರ್.

ಈಗಿನ ಲಿನಕ್ಸಿನಲ್ಲಿ ಆ ಡ್ರೈವರಿನ ಹೆಸರು ಬಿಆರ್‌ಡಿ. ಅದನ್ನು ಲೋಡ್ ಮಾಡುವಾಗ ಅಳತೆ ಹೇಳಬಹುದು. 3.5 ಇಂಚಿನ ಫ್ಲಾಪಿಗೆ 1440 ಎಂದರೆ ಸರಿಯಾಗಿ ಹೊಂದುತ್ತದೆ, ಲೆಕ್ಕ ಕಿಲೋಬೈಟಿನಲ್ಲಿ. ಹೇಳದಿದ್ದರೆ ಮಾಮೂಲಿಯಾಗಿ 4096 ಇರುತ್ತದೆ. ಅದೂ ನಡೆಯುತ್ತದೆ. ಫ್ಲಾಪಿಯ ಮೊದಲ ಸೆಕ್ಟರಿನಲ್ಲೇ ‘ನನ್ನಲ್ಲಿ ಒಟ್ಟು 2880 ಸೆಕ್ಟರ್’ ಎಂದು ಬರೆದಿರುತ್ತದೆ, ಅದರಾಚೆಗಿನ ಖಾಲಿ ಮೆಮೊರಿಯ ಕಡೆ ಯಾರೂ ನೋಡುವುದಿಲ್ಲ. ಆಮೇಲೆ ಡಿಡಿಗೆ ಓದುವ ಕಡೆ ಇಮೇಜಿನ ಹೆಸರು, ಬರೆಯುವ ಕಡೆ ರ‍್ಯಾಮ್ ಸೊನ್ನೆ ಎಂಬ ಸಾಧನದ ಹೆಸರು ಕೊಡಬೇಕು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಮೌಂಟ್ ಮಾಡುವಾಗ ಓದಲು ಮಾತ್ರ ಎಂದು ಹೇಳಿ. ಅಷ್ಟೇ, ಫೈಲುಗಳ ಪಟ್ಟಿ ಎದುರಿಗೆ ಬರುತ್ತದೆ.

ಲೂಪ್ ಇದ್ದ ಮೇಲೆ ರ‍್ಯಾಮ್ ಡಿಸ್ಕಿನ ಗೊಡವೆ ಯಾಕೆ ಎಂದು ನಿಮ್ಮ ಓದುಗರಲ್ಲಿ ಬಲ್ಲವರು ಕೇಳಿಯಾರು. ಸುಮ್ನೆ ನೋಡುವುದಕ್ಕೆ ಲೂಪ್ ಸಾಕು, ಒಪ್ಪುತ್ತೇನೆ. ಆದರೆ ಫ್ಲಾಪಿ ಕೆಟ್ಟಿದ್ದರೆ ರಿಪೇರಿ ಮಾಡಬೇಕಾಗುತ್ತದೆ, ರಿಪೇರಿ ಎಂದರೆ ಬರೆಯುವುದು. ಲೂಪಿನಲ್ಲಿ ಬರೆದದ್ದು ನೇರವಾಗಿ ಇಮೇಜಿಗೇ ಹೋಗುತ್ತದೆ. ರ‍್ಯಾಮ್ ಡಿಸ್ಕಿನಲ್ಲಿ ಬರೆದದ್ದು ಮೆಮೊರಿಯಲ್ಲೇ ಉಳಿಯುತ್ತದೆ, ನಾವಾಗಿ ಹೊರಗೆ ತೆಗೆದಿಟ್ಟರೆ ಮಾತ್ರ ಫೈಲಾಗುತ್ತದೆ. ಪುಸ್ತಕದ ಲೆಕ್ಕವನ್ನು ಪಾಟಿಯ ಮೇಲೆ ಬರೆದುಕೊಂಡು ಬಿಡಿಸಿದ ಹಾಗೆ, ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು. ಕರೆಂಟ್ ಹೋದರೆ ರ‍್ಯಾಮ್ ಡಿಸ್ಕ್ ಖಾಲಿಯಾಗುತ್ತದೆ ಎಂದು ಜನ ಹೆದರುತ್ತಾರೆ. ಈ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ, ಇಮೇಜ್ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿರುತ್ತದೆ. ಇನ್ನೊಮ್ಮೆ ಸುರಿದರಾಯಿತು.

ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ನಿವೃತ್ತ ಮಾಸ್ತರರೊಬ್ಬರು ಸವದತ್ತಿ ಕಡೆಯಿಂದ ಬಂದಿದ್ದರು. ಅಂಗಿಯ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟ ಒಂದೇ ಒಂದು ಫ್ಲಾಪಿ. ‘ಅಕ್ಕೋರ, ಇದರಾಗ ನಮ್ಮವ್ವ ಹಾಡತಿದ್ದ ಬೀಸೋ ಪದ ಅದಾವರಿ. ಬರಕೊಂಡಿದ್ದ ವಹಿ ಮಳಿಯಾಗ ತೊಯ್ದು ಹೋತು. ಇದೊಂದ ಉಳಿದೈತಿ’ ಎಂದರು. ಆ ಫ್ಲಾಪಿಯಲ್ಲಿ ಕೆಟ್ಟಿದ್ದದ್ದು ಮೊದಲ ಟ್ರ್ಯಾಕ್. ಅದು ಸಹಜವೇ, ಯಾವ ಫೈಲ್ ತೆರೆದರೂ ಹೆಡ್ ಮೊದಲು ಅಲ್ಲಿಗೇ ಹೋಗುವುದರಿಂದ ಜಾಸ್ತಿ ಸವೆಯುವುದು ಅದೇ ಜಾಗ. ಡಿಡಿರೆಸ್ಕ್ಯೂ ಎಷ್ಟು ಪ್ರಯತ್ನಪಟ್ಟರೂ ಅಲ್ಲಿನ ಕೆಲವು ಸೆಕ್ಟರ್ ಬರಲಿಲ್ಲ. ಇಮೇಜನ್ನು ರ‍್ಯಾಮ್ ಡಿಸ್ಕಿಗೆ ಹಾಕಿ ಮೌಂಟ್ ಮಾಡಿದರೆ ಫೈಲುಗಳ ಹೆಸರು ಕಂಡವು. ತೆರೆದರೆ ಮೊದಲ ಕೆಲವು ಸಾಲು ಬಂದು ನಿಂತುಬಿಡುತ್ತಿತ್ತು.

ಯಾಕೆ ಹೀಗಾಗುತ್ತದೆ ಎಂದರೆ, ಈ ಫ್ಲಾಪಿಯಲ್ಲಿ ಒಂದು ಫೈಲಿನ ಬರಹ 512 ಬೈಟಿನ ತುಂಡುಗಳಾಗಿ ಹರಡಿರುತ್ತದೆ. ಡೈರೆಕ್ಟರಿಯಲ್ಲಿ ಬರೆದಿರುವುದು ಮೊದಲ ತುಂಡು ಎಲ್ಲಿದೆ ಎಂದು ಮಾತ್ರ. ಅದರ ಮುಂದಿನದು ಯಾವುದು, ಅದರ ಮುಂದಿನದು ಯಾವುದು ಎಂದು ಹೇಳುವುದು ಫ್ಯಾಟ್ ಎಂಬ ಕೋಷ್ಟಕ. ಅದು ಹೋದರೆ ಬರಹ ಅಲ್ಲೇ ಇದ್ದೂ ದಾರಿ ತಪ್ಪುತ್ತದೆ. ಆದರೆ ಇದನ್ನು ರೂಪಿಸಿದವರು ಆ ಕೋಷ್ಟಕವನ್ನು ಎರಡು ಸಲ ಬರೆದಿಡುವ ವ್ಯವಸ್ಥೆ ಮಾಡಿದ್ದಾರೆ. 3.5 ಇಂಚಿನ ಮಾಮೂಲಿ ಫ್ಲಾಪಿಯಲ್ಲಿ ಸೊನ್ನೆಯಿಂದ ಎಣಿಸಿದರೆ ಸೊನ್ನೆಯ ಸೆಕ್ಟರ್ ಬೂಟಿನದು, 1ರಿಂದ 9 ಮೊದಲ ಕೋಷ್ಟಕ, 10ರಿಂದ 18 ಎರಡನೇ ಕೋಷ್ಟಕ, 19ರಿಂದ 32 ಡೈರೆಕ್ಟರಿ, 33ರಿಂದ ಮುಂದೆ ಬರಹ. ಡಿಡಿರೆಸ್ಕ್ಯೂ ಬರೆದಿಟ್ಟ ಪಟ್ಟಿ ನೋಡಿದೆ. ಓದಲಾಗದ ಸೆಕ್ಟರುಗಳೆಲ್ಲ ಮೊದಲ ಕೋಷ್ಟಕದೊಳಗೇ ಇದ್ದವು. ಎರಡನೆಯದು ಪೂರ್ತಿ ಬಂದಿತ್ತು.

ಉಳಿದದ್ದು ಸುಲಭ. ರ‍್ಯಾಮ್ ಡಿಸ್ಕನ್ನು ಅನ್‌ಮೌಂಟ್ ಮಾಡಿ, ಡಿಡಿಗೆ ಓದುವ ಕಡೆಯೂ ಬರೆಯುವ ಕಡೆಯೂ ಅದೇ ರ‍್ಯಾಮ್ ಡಿಸ್ಕಿನ ಹೆಸರು ಕೊಟ್ಟೆ. ಓದುವಾಗ ಹತ್ತು ಸೆಕ್ಟರ್ ಬಿಟ್ಟು, ಬರೆಯುವಾಗ ಒಂದು ಸೆಕ್ಟರ್ ಬಿಟ್ಟು, ಒಟ್ಟು ಒಂಬತ್ತು ಸೆಕ್ಟರ್ ನಕಲು ಮಾಡು ಎಂದೆ. ಮತ್ತೆ ಮೌಂಟ್ ಮಾಡಿದಾಗ ಫೈಲುಗಳು ಕೊನೆಯವರೆಗೂ ತೆರೆದವು. ಪಕ್ಕದಲ್ಲಿ ಕೂತಿದ್ದ ಮಾಸ್ತರರಿಗೆ ಪರದೆಯ ಮೇಲಿನದು ಓದಲು ಬರುತ್ತಿರಲಿಲ್ಲ, ಅದರ ಕಾರಣ ಮುಂದೆ ಹೇಳುತ್ತೇನೆ. ಆದರೆ ಪುಟ ಉರುಳುತ್ತಾ ಹೋಗುವುದು ಕಂಡು ‘ಎಲ್ಲಾ ಅದಾವಲ್ರಿ ಅಕ್ಕೋರ’ ಎಂದರು. ರಿಪೇರಿಯಾದ ರ‍್ಯಾಮ್ ಡಿಸ್ಕನ್ನು ಇನ್ನೊಂದು ಹೆಸರಿನ ಇಮೇಜಾಗಿ ತೆಗೆದಿಟ್ಟೆ. ಮೊದಲ ಇಮೇಜ್, ಕೆಟ್ಟದ್ದು ಕೆಟ್ಟ ಹಾಗೇ, ಅದರ ಪಕ್ಕದಲ್ಲಿದೆ. ನಾಳೆ ಯಾರಾದರೂ ನನಗಿಂತ ಬಲ್ಲವರು ಬಂದರೆ ಅವರಿಗೆ ಬೇಕಾಗುವುದು ಅದು.

ಮೌಂಟೇ ಆಗದ ಫ್ಲಾಪಿಗಳೂ ಸಿಗುತ್ತವೆ. ಇಂಥವನ್ನು ಜನ ಎಷ್ಟು ಸುಲಭವಾಗಿ ಎಸೆಯುತ್ತಾರೆಂದರೆ ಸಂಕಟವಾಗುತ್ತದೆ. ಯುನಿಕ್ಸ್ ಲ್ಯಾಬುಗಳಲ್ಲಿ, ಕಚೇರಿಗಳಲ್ಲಿ ಬ್ಯಾಕಪ್ ತೆಗೆಯುವಾಗ ಫೈಲುಗಳನ್ನು ಒಂದೇ ಕಟ್ಟಾಗಿ ಜೋಡಿಸುವ ಟಾರ್ ಅಥವಾ ಸಿಪಿಐಓ ಕಮಾಂಡಿನಿಂದ ಅವನ್ನು ನೇರವಾಗಿ ಫ್ಲಾಪಿಗೆ ಬರೆಯುತ್ತಿದ್ದರು. ಆ ಫ್ಲಾಪಿಯಲ್ಲಿ ಡೈರೆಕ್ಟರಿಯೂ ಇಲ್ಲ, ಫ್ಯಾಟ್ ಕೋಷ್ಟಕವೂ ಇಲ್ಲ. ವಿಂಡೋಸ್ ಅದನ್ನು ಖಾಲಿ ಫ್ಲಾಪಿ ಎಂದೇ ತಿಳಿದು ಫಾರ್ಮ್ಯಾಟ್ ಮಾಡಲಾ ಎನ್ನುತ್ತದೆ. ಅದರ ಇಮೇಜ್ ತೆಗೆದು ಫೈಲ್ ಎಂಬ ಕಮಾಂಡಿಗೆ ಕೊಟ್ಟು ನೋಡಿ, ಟಾರ್ ಆಗಿದ್ದರೆ ಟಾರ್ ಎಂದು ಹೇಳುತ್ತದೆ. ಆಮೇಲೆ ಮೌಂಟಿನ ಹಂಗೇ ಬೇಡ, ಟಾರ್ ಕಮಾಂಡಿಗೆ ಆ ಇಮೇಜನ್ನೇ ಕೊಟ್ಟರೆ ಒಳಗಿನ ಪಟ್ಟಿ ಕೊಡುತ್ತದೆ.

ಲ್ಯಾಬಿನಲ್ಲಿ ಪೂರ್ತಿ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಸಿಗದ ವಿದ್ಯಾರ್ಥಿಗಳು ಎಂಟೂಲ್ಸ್ ಎಂಬ ಪ್ರೋಗ್ರಾಂ ಕಟ್ಟನ್ನು ಬಳಸಬಹುದು, ಅದಕ್ಕೆ ಮೌಂಟ್ ಮಾಡುವ ಅಧಿಕಾರ ಬೇಕಿಲ್ಲ. ಯುನಿಕ್ಸ್ ಜಾತಿಯ ಬೇರೆ ವ್ಯವಸ್ಥೆಗಳಲ್ಲೂ ದಾರಿ ಇದೆ. ಫ್ರೀಬಿಎಸ್‌ಡಿಯಲ್ಲಿ ಎಂಡಿ ಎಂಬ ಒಂದೇ ಡ್ರೈವರ್ ಮೆಮೊರಿಯನ್ನೂ ಡಿಸ್ಕಾಗಿ ತೋರಿಸುತ್ತದೆ, ಫೈಲನ್ನೂ ತೋರಿಸುತ್ತದೆ. ಸೋಲಾರಿಸ್‌ನಲ್ಲಿ ಫೈಲಿಗೆ ಲೋಫೈ ಇದೆ. ದಾರಿ ಬೇರೆ ಬೇರೆ, ಕೆಲಸ ಒಂದೇ.

ಮಾಸ್ತರರಿಗೆ ತಮ್ಮದೇ ಹಾಡು ಓದಲು ಬರಲಿಲ್ಲ ಎಂದೆನಲ್ಲ, ಅದಕ್ಕೆ ಕಾರಣ ಫಾಂಟ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ನಮ್ಮ ಡಿಟಿಪಿ ಅಂಗಡಿಗಳಿಗೆ ಅದು ಬಂದದ್ದು ಎಷ್ಟೋ ವರ್ಷಗಳ ಮೇಲೆ. ವಿಂಡೋಸಿನಲ್ಲೇ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಒಂದೊಂದು ಸಾಫ್ಟ್‌ವೇರ್ ತನ್ನದೇ ರೀತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸುತ್ತಿತ್ತು. ಆ ಫಾಂಟ್ ಇಲ್ಲದೆ ತೆರೆದರೆ ತಲೆಯ ಮೇಲೆ ಗೀಟು, ಚುಕ್ಕೆ ಇರುವ ಯುರೋಪಿನ ಅಕ್ಷರಗಳು ಸಾಲಾಗಿ ಕಾಣುತ್ತವೆ. ಇದನ್ನು ನೋಡಿ ‘ಫೈಲ್ ಕೆಟ್ಟಿದೆ’ ಎಂದು ತೀರ್ಮಾನಿಸುವವರೇ ಜಾಸ್ತಿ. ಕೆಟ್ಟಿರುವುದಿಲ್ಲ. ನುಡಿ, ಬರಹ ಎಂಬ ಕನ್ನಡ ಸಾಫ್ಟ್‌ವೇರುಗಳ ಹಳೆಯ ಫೈಲುಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅದಕ್ಕಿಂತ ಹಿಂದಿನ ಸಾಫ್ಟ್‌ವೇರ್ ಆದರೆ ಆ ಫಾಂಟೇ ಬೇಕು. ಎಷ್ಟೋ ಸಲ ಡಿಟಿಪಿ ಮಾಡಿದವರು ಆ ಫಾಂಟನ್ನೂ ಅದೇ ಫ್ಲಾಪಿಯ ಮೂಲೆಯಲ್ಲಿ ಹಾಕಿ ಕೊಟ್ಟಿರುತ್ತಾರೆ, ಬೇರೆ ಪ್ರೆಸ್ಸಿನಲ್ಲಿ ತೆರೆಯಲು ಬೇಕಾದೀತು ಎಂದು. ಬರಹದ ಫೈಲುಗಳನ್ನಷ್ಟೇ ಆರಿಸಿ ಕಾಪಿ ಮಾಡಿಕೊಂಡವರು ಆ ಫಾಂಟನ್ನು ಬಿಟ್ಟು ಬಂದಿರುತ್ತಾರೆ. ಇಮೇಜ್ ತೆಗೆದವರ ಹತ್ತಿರ ಅದೂ ಇರುತ್ತದೆ. ಬೀಸೋ ಪದಗಳು ಕನ್ನಡವಾಗಿ ಕಂಡದ್ದು ಆ ಫ್ಲಾಪಿಯಲ್ಲೇ ಇದ್ದ ಒಂದು ಫಾಂಟಿನಿಂದ.

ಇನ್ನು ನನ್ನ ಕೋರಿಕೆ. ಫ್ಲಾಪಿ ಈಗ ಹೊಸದಾಗಿ ಬರುವ ವಸ್ತುವಲ್ಲ. 3.5 ಇಂಚಿನದನ್ನು 1980ರ ದಶಕದಲ್ಲಿ ಜಗತ್ತಿಗೆ ಹರಡಿದ ಸೋನಿ ಕಂಪನಿಯೇ 2011ರಲ್ಲಿ ಅದರ ಮಾರಾಟ ನಿಲ್ಲಿಸಿತು. ಲಿನಕ್ಸಿನಲ್ಲಿ ಹಳೆಯ ಫ್ಲಾಪಿ ಕಂಟ್ರೋಲರಿನ ಡ್ರೈವರ್ ನೋಡಿಕೊಳ್ಳುವವರಿಲ್ಲ ಎಂದು 2019ರಲ್ಲಿ ಒಮ್ಮೆ ಗುರುತು ಹಾಕಿದ್ದರು. ಯುಎಸ್‌ಬಿ ಡ್ರೈವುಗಳು ಸಿಗುತ್ತವೆ, ಆದರೆ ಅವು 3.5 ಇಂಚಿನವು ಮಾತ್ರ. 5.25 ಇಂಚಿಗೆ ಹಳೆಯ ಡ್ರೈವೇ ಬೇಕು, ಜೊತೆಗೆ ಹಳೆಯ ಕಂಪ್ಯೂಟರ್ ಇಲ್ಲವೇ ಗ್ರೀಸ್‌ವೀಜಲ್‌ನಂಥ ಹಳೆಯ ಡ್ರೈವನ್ನು ಯುಎಸ್‌ಬಿಗೆ ಜೋಡಿಸುವ ಒಂದು ಪುಟ್ಟ ಬೋರ್ಡು. ಇದು ಒಬ್ಬೊಬ್ಬರ ಮನೆಯಲ್ಲಿ ಆಗುವ ಕೆಲಸವಲ್ಲ. ಆದರೆ ಜಿಲ್ಲೆಗೆ ಒಂದು ಕಡೆ ಖಂಡಿತ ಆಗುತ್ತದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಂದು ಮೇಜು, ಒಂದು ಹಳೆಯ ಕಂಪ್ಯೂಟರ್, ಎರಡು ಬಗೆಯ ಡ್ರೈವ್, ಲಿನಕ್ಸ್. ಊರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಶನಿವಾರ ಬಂದು ಕೂತರೆ ಸಾಕು. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಅವರು ಓದುವುದು ಇದನ್ನೇ, ಬ್ಲಾಕ್ ಸಾಧನ, ಮೌಂಟ್, ಫೈಲ್ ಸಿಸ್ಟಂ. ಪರೀಕ್ಷೆಗೆಂದು ಚಿತ್ರ ಬರೆದದ್ದು ಇಲ್ಲಿ ಕೈಗೆ ಸಿಗುತ್ತದೆ.

ಇಮೇಜ್ ತೆಗೆದ ಮೇಲೆ ಅದರ ಜೊತೆ ಮೂರು ವಿಷಯ ಬರೆದಿಡಬೇಕು: ಫ್ಲಾಪಿಯ ಚೀಟಿಯ ಮೇಲೆ ಏನಿತ್ತು, ಯಾರ ಮನೆಯದು, ಯಾವ ಸೆಕ್ಟರ್ ಬರಲಿಲ್ಲ. ಚೀಟಿಯ ಫೋಟೊ ತೆಗೆದರೆ ಇನ್ನೂ ಒಳ್ಳೆಯದು, ಆ ಕೈಬರಹವೇ ಎಷ್ಟೋ ಹೇಳುತ್ತದೆ. ಚೆಕ್‌ಸಮ್ ಎಂಬ, ಫೈಲಿನ ಬೈಟುಗಳಿಂದ ಬರುವ ಗುರುತಿನ ಸಂಖ್ಯೆಯನ್ನು ಲೆಕ್ಕಹಾಕಿ ಇಟ್ಟರೆ ಮುಂದೆ ಇಮೇಜ್ ಬದಲಾಗಿದೆಯೋ ಇಲ್ಲವೋ ತಿಳಿಯುತ್ತದೆ. ಸಿಕ್ಕಿದ್ದನ್ನು ತಕ್ಷಣ ಅಂತರ್ಜಾಲಕ್ಕೆ ಹಾಕಿಬಿಡುವ ಆತುರ ಬೇಡ. ಬರೆದವರ ಹಕ್ಕು ಮನೆಯವರ ಕೈಯಲ್ಲಿರುತ್ತದೆ, ಅವರನ್ನು ಕೇಳಬೇಕು. ಅಳಿಸಿದ ಫೈಲುಗಳಲ್ಲಿ ಬರೆದವರು ಯಾರಿಗೂ ತೋರಿಸಬಾರದು ಎಂದುಕೊಂಡದ್ದೂ ಇರುತ್ತದೆ. ಒಂದು ಮನೆಯವರು ಹಾಗೆ ಸಿಕ್ಕ ಕಾಗದಗಳನ್ನು ಓದಿ, ಇವು ಹೊರಗೆ ಹೋಗುವುದು ಬೇಡ ಎಂದರು. ಸರಿ ಎಂದೆ. ಇಮೇಜ್ ಅವರಿಗೇ ಕೊಟ್ಟೆ, ನನ್ನ ಹತ್ತಿರ ಪ್ರತಿ ಇಟ್ಟುಕೊಳ್ಳಲಿಲ್ಲ.

ತಂದೆಯವರ ಡಬ್ಬಿ ಸಿಕ್ಕಿದೆ ಎಂದು ಬರೆದ ಆ ಓದುಗರಿಗೆ ನನ್ನ ವಿಳಾಸ ಕೊಡಲು ಸಂಪಾದಕರಿಗೆ ನನ್ನ ಒಪ್ಪಿಗೆ ಇದೆ. ಅವರು ಬರುವವರೆಗೆ ಡಬ್ಬಿಯನ್ನು ಸ್ಪೀಕರಿನ ಹತ್ತಿರ, ಟ್ರಾನ್ಸ್‌ಫಾರ್ಮರ್ ಇರುವ ಸ್ಟೆಬಿಲೈಜರಿನ ಮೇಲೆ ಇಡಬೇಡಿ, ಅಯಸ್ಕಾಂತ ಫ್ಲಾಪಿಗೆ ಆಗುವುದಿಲ್ಲ. ಗೋಡೆಗೆ ತಾಗಿದ ಕಪಾಟಿನ ಕೆಳಗಿನ ಖಾನೆಯೂ ಬೇಡ, ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಯೂ ಇಡಬೇಡಿ. ಒಣಗಿದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಟ್ಟರೆ ಸಾಕು. ಮತ್ತೆ, ಕೆಲಸ ಮಾಡುವ 5.25 ಇಂಚಿನ ಡ್ರೈವ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಗುಜರಿಗೆ ಕೊಡುವ ಮುಂಚೆ ಪತ್ರಿಕೆಯ ಕಚೇರಿಗೆ ಒಂದು ಮಾತು ತಿಳಿಸಿ. ನನ್ನ ಹತ್ತಿರ ಇದ್ದದ್ದರ ಬೆಲ್ಟ್ ಸವೆದಿದೆ. ಬಾಗಲಕೋಟೆಯಿಂದ ಬಂದ ಒಂದು ಕಟ್ಟು ಫ್ಲಾಪಿ ಇನ್ನೂ ಕಾದಿವೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ಲ್ಯಾಬ್ ಶಿಕ್ಷಕಿ, ಧಾರವಾಡ